ಇನ್ನೂ ವಿಂಟೇಜ್ ಆಗದ ಗಾಡಿ

ನಮ್ಮ ಹಿತ್ತಲಲ್ಲಿ, ಶಹಾಬಾದಿ ಕಲ್ಲಿನ ಗೋಡೆಗೆ ಒರಗಿಕೊಂಡು, ಹದಿನೇಳು ವರ್ಷದಿಂದ ಒಂದು ಯೆಜ್ಡಿ ಬೈಕ್ ನಿಂತಿತ್ತು. ನಿಂತಿತ್ತು ಅನ್ನುವುದು ಮರ್ಯಾದೆಯ ಮಾತು. ಟೈರಿನ ಗಾಳಿ ಹೋಗಿ, ರಿಮ್ಮು ನೆಲ ಹಿಡಿದು, ಮೇಲೊಂದು ಹರಕು ಕೌದಿ ಹೊದ್ದು ಅದು ಕೂತೇ ಬಿಟ್ಟಿತ್ತು. ಕೌದಿಯ ಮೇಲೆ ಹೀರೇಬಳ್ಳಿ ಹಬ್ಬಿತ್ತು. ಒಂದು ಮಳೆಗಾಲದಲ್ಲಿ ಹ್ಯಾಂಡಲ್ಲಿನಿಂದ ನಾಲ್ಕು ಹೀರೇಕಾಯಿ ಜೋತಾಡಿದವು. ಅವ್ವ ಅವನ್ನು ಕೊಯ್ದು ಪಲ್ಯ ಮಾಡಿ ಬಡಿಸುತ್ತಾ ಹೇಳಿದಳು: "ಆ ಗಾಡಿಯಿಂದ ಮನಿಗಿ ಉಪಯೋಗ ಆಗಿದ್ದು ಇದೊಂದೇ ಸಲ ನೋಡು."

ಅಪ್ಪ ಅದನ್ನು ತಂದದ್ದು 1979ರಲ್ಲಿ. ಆಗ ನಮ್ಮೂರು ಗುಲಬರ್ಗಾ. ಕಾಗದದ ಮೇಲೆ ಕಲಬುರಗಿ ಆದದ್ದು 2014ರ ನವೆಂಬರ್‌ನಲ್ಲಿ. ಆರ್‌ಸಿ ಪುಸ್ತಕದಲ್ಲಿ ಈಗಲೂ ಗುಲಬರ್ಗಾವೇ ಇದೆ. ನಂಬರ್ ಪ್ಲೇಟಿನ ಮೇಲೆ ಕೆಎ 32 ಇಲ್ಲ, ಹಳೇ ಕಾಲದ ಮೂರು ಅಕ್ಷರಗಳಿವೆ. ಇಷ್ಟೆಲ್ಲ ಇದ್ದರೂ ಅದು ವಿಂಟೇಜ್ ಅಲ್ಲವಂತೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು. ನಮ್ಮದಕ್ಕೆ ಇನ್ನೂ ಆಗಿಲ್ಲ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅದು ಸುಮ್ನೆ ಹಳೇ ಗಾಡಿ. ನನಗೆ 57 ಆಗಿದೆ. ನನ್ನ ಬಗ್ಗೆ ಸರ್ಕಾರ ಇನ್ನೂ ಏನೂ ಹೇಳಿಲ್ಲ.

ಯೆಜ್ಡಿ ಅಂದರೆ ಈಗಿನ ಹುಡುಗರು ವಿದೇಶಿ ಹೆಸರು ಅಂದುಕೊಳ್ಳುತ್ತಾರೆ. ತಯಾರಾದದ್ದು ನಮ್ಮ ಮೈಸೂರಿನಲ್ಲೇ, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಮೂಲ ಮಾತ್ರ ಚೆಕ್ ದೇಶದ ಜಾವಾ. ಯಾನೆಚೆಕ್ ಎಂಬ ಯಜಮಾನನ ಹೆಸರಿನಿಂದ 'ಜಾ', ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನಿಂದ 'ವಾ' ತೆಗೆದು ಇಟ್ಟ ಹೆಸರು. ನಮ್ಮಲ್ಲಿ ಅಜ್ಜ, ಅಜ್ಜಿ ಇಬ್ಬರ ಹೆಸರನ್ನೂ ಸೇರಿಸಿ ಮೊಮ್ಮಗನಿಗೆ ಇಡುತ್ತಾರಲ್ಲ, ಹಾಗೆ.

ಈಗ ಯಾರೇ ಬಂದು ಈ ಗಾಡಿ ನೋಡಿದರೂ ಒಂದೇ ಮಾತು: "ಅಂಥಾ ಗಾಡಿ ಈಗ ಎಲ್ಲಿ ಬರ್ತಾವ ಬಿಡ್ರಿ." ಹೀಗನ್ನುವವರು ಯಾರೂ ಅದನ್ನು ಬೆಳಿಗ್ಗೆ ಎಂಟಕ್ಕೆ ಸ್ಟಾರ್ಟ್ ಮಾಡಿ ಕೆಲಸಕ್ಕೆ ಹೋದವರಲ್ಲ. ಅಪ್ಪ ಹೋಗುತ್ತಿದ್ದ. ಸಹಕಾರ ಇಲಾಖೆಯ ನೌಕರಿ. ಜೇವರ್ಗಿ ಕಡೆಯ ಹಳ್ಳಿಗಳನ್ನು ತಿರುಗಬೇಕಿತ್ತು. ದಿನಾ ಬೆಳಿಗ್ಗೆ ಅಂಗಳದಲ್ಲಿ ಒಂದು ಪೂಜೆ ನಡೆಯುತ್ತಿತ್ತು. ಪ್ಲಗ್ ಬಿಚ್ಚಿ ಒರೆಸುವುದು, ಊದುವುದು, ಮತ್ತೆ ಹಾಕುವುದು, ಕಿಕ್, ಕಿಕ್, ಕಿಕ್. ಮಂತ್ರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹತ್ತು ಕಿಕ್ಕಿಗೂ ಆಗದಿದ್ದರೆ ನಾನೂ ತಮ್ಮನೂ ದಬ್ಬಬೇಕು. ಅಪ್ಪ ಮೇಲೆ ಕೂತು "ಜೋರಾಗಿ ದಬ್ರೋ, ಅನ್ನ ತಿಂದೀರಿಲ್ಲೋ" ಅನ್ನುತ್ತಿದ್ದ. ಒಮ್ಮೆ ಕಟ್ಟಿಸಂಗಾವಿ ಸೇತುವೆಯ ನಡುಮಧ್ಯ ಕೈಕೊಟ್ಟಾಗ, ಇದನ್ನು ಇಲ್ಲೇ ಭೀಮಾ ನದಿಗೆ ಎಸೆದು ಬಸ್ ಹತ್ತಲೇ ಅನ್ನಿಸಿತ್ತು ಅಂತ ಅಪ್ಪನೇ ಹೇಳಿದ್ದುಂಟು.

ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಇನ್ನೊಂದು ಗಲಾಟೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಒಳಗೆ ಹೋಗಬೇಕು, ಲೀಟರಿಗೆ ಸುಮಾರು 40 ಮಿಲಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಓಣಿಯೇ ಮಂಜು ಮುಸುಕಿದ ಹಾಗೆ. ಅಳತೆಗೆ ಅಪ್ಪ ಅಡುಗೆಮನೆಯಿಂದ ಒಂದು ಸಣ್ಣ ಸ್ಟೀಲ್ ಲೋಟ ಎತ್ತಿಕೊಂಡು ಹೋದ. ಅವ್ವ ಅದನ್ನು ಮತ್ತೆ ಒಳಗೆ ಸೇರಿಸಲಿಲ್ಲ. ರಾತ್ರಿ ಮಲಗುವ ಮುಂಚೆ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಕೆಳಗಿನ ನಳ, ಬಂದ್ ಮಾಡುವುದೂ ಒಂದು ನೇಮ. ಇಲ್ಲದಿದ್ದರೆ ಪೆಟ್ರೋಲು ಸೋರಿ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ.

ಇಂಥ ಗಾಡಿಯನ್ನು ನಾನು ಯಾಕೆ ಎಬ್ಬಿಸಲು ಹೊರಟೆ ಅಂದರೆ, ಈಗ ನನಗೆ ಅದರ ಮೇಲೆ ಎಲ್ಲಿಗೂ ಹೋಗುವ ಅಗತ್ಯವಿಲ್ಲ. ಕೆಲಸಕ್ಕೆ ಸ್ಕೂಟರ್ ಇದೆ. ಅಗತ್ಯ ಇಲ್ಲದ ಗಾಡಿಯ ಮೇಲೆ ಪ್ರೀತಿ ತಾನಾಗಿ ಬರುತ್ತದೆ. ಮಗ "ಹೊಸ ಯೆಜ್ಡಿನೇ ಬಂದದಲ್ಲ ಪಪ್ಪಾ, ಅದನ್ನೇ ತಗೋರಿ" ಅಂದ. ನಿಜ, 2022ರಲ್ಲಿ ಅದೇ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಅದು ಫೋರ್ ಸ್ಟ್ರೋಕ್. ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಅದರಲ್ಲಿ ನನಗೇನು ಕೆಲಸ?

ಶಹಾಬಜಾರ್ ನಾಕಾದ ಹತ್ತಿರ ಒಬ್ಬ ಚಾಚಾ ಇದ್ದಾರೆ. ಈಗ ಗ್ಯಾರೇಜ್ ಅಳಿಯನ ಕೈಯಲ್ಲಿದೆ, ಚಾಚಾ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಚಹಾ ಕುಡಿಯುತ್ತಾರೆ. ಯೆಜ್ಡಿ ಅಂದ ತಕ್ಷಣ ಸ್ಟೂಲ್ ಬಿಟ್ಟು ಎದ್ದರು. ಮನೆಗೆ ಬಂದು ಕೌದಿ ಎತ್ತಿ ನೋಡಿ, ಕಿಕ್ ಒತ್ತಿದರೆ ಅದು ಅಲ್ಲಾಡಲಿಲ್ಲ. ಪಿಸ್ಟನ್ ಜಾಮ್. ಪ್ಲಗ್ಗಿನ ತೂತಿನಿಂದ ಸೀಮೆ ಎಣ್ಣೆ, ಆಯಿಲ್ ಬೆರೆಸಿ ಸುರಿದು ಕೈ ಒರೆಸಿಕೊಂಡರು. "ಜಲ್ದಿ ಮಾಡಬ್ಯಾಡ್ರಿ ಸಾಹೇಬ್ರ. ಹದಿನೇಳು ವರ್ಸ ಮಲಗ್ಯಾದ. ಎಂಟು ದಿನ ಕಾಯ್ರಿ."

ಆ ಎಂಟು ದಿನ ನಾನು ಸುಮ್ಮನಿರಲಿಲ್ಲ. ಏಪ್ರಿಲ್ ತಿಂಗಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಒಂಬತ್ತರ ಮೇಲೆ ಹಿತ್ತಲಲ್ಲಿ ಬಿಟ್ಟ ಪಾನಾ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಹಾಗಾಗಿ ಐದೂವರೆಗೇ ಏಳುತ್ತಿದ್ದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಪಡಸಾಲೆಯ ಪರಸಿಯ ಮೇಲೆ ಸಾಲಾಗಿ ಇಟ್ಟೆ. ಕಸ ಗುಡಿಸುವಾಗ ಹೆಂಡತಿ ಅವನ್ನೆಲ್ಲ ಒಂದೇ ಡಬ್ಬಿಗೆ ಹಾಕಿದಳು. ಕೇಳಿದರೆ, "ಎಲ್ಲಾ ನಟ್ಟೇ ಅಲ್ಲೇನ್ರೀ, ಒಂದ ಕಡಿ ಇರ್ಲಿ." ಅದರಿಂದಾಗಿ ಎರಡು ವಾರ ನನಗೆ ಹೆಚ್ಚಿಗೆ ಕೆಲಸ ಸಿಕ್ಕಿತು.

ಯೆಜ್ಡಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಎರಡರ ಒಳಗೂ ಮಣ್ಣು ಗಟ್ಟಿಯಾಗಿ ಕೂತಿತ್ತು. ಕಡ್ಡಿ ಹಾಕಿ ಕೆದಕಿದರೆ ಕಣಜದ ಗೂಡು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಅನ್ನುತ್ತಾರೆ, ನಮ್ಮ ಹಿತ್ತಲಲ್ಲಿ ಸಿಕ್ಕಿದ್ದು ಮಾತ್ರ ಇನ್ನೊಂದು ಕಣಜ. ಅದೃಷ್ಟಕ್ಕೆ ಮನೆಯವರು ಯಾರೂ ಒಳಗಿರಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು. ಅಲುಗಾಡಿಸಿದರೆ ಬಳೆಚೂರಿನ ಸದ್ದು. ಮೊಬೈಲಿನಲ್ಲಿ ಒಬ್ಬ ಆ್ಯಸಿಡ್ ಅಂದ, ಇನ್ನೊಬ್ಬ ವಿನೆಗರ್ ಅಂದ. ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ತಾಮ್ರದ ಕೊಡಕ್ಕ ಏನ ಹಚ್ಚತೀವಿ? ಹುಣಸಿಹಣ್ಣು ಹಾಕು." ಹುಳಿ ಹುಳಿಯೇ ಅಲ್ವಾ? ಒಂದು ಕೆಜಿ ಹಳೇ ಹುಣಸೆಹಣ್ಣು ನೆನೆಸಿ, ಹಿಂಡಿ, ಸೋಸಿ, ಟ್ಯಾಂಕಿಗೆ ಸುರಿದು, ಜೊತೆಗೆ ಒಂದು ಹಿಡಿ ನಟ್ಟು ಹಾಕಿ ಎರಡು ದಿನ ಅಲುಗಾಡಿಸಿದೆ. ಹೊರಗೆ ಬಂದ ನೀರು ನೋಡಲು ಥೇಟ್ ಸಾರು. ಮೂರನೇ ಸಲಕ್ಕೆ ಒಳಗಿನ ತಗಡು ಬೂದು ಬಣ್ಣಕ್ಕೆ ತಿರುಗಿತು. ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ ಎಣ್ಣೆ ಸವರಿದೆ. ಇಲ್ಲದಿದ್ದರೆ ಸಂಜೆಯೊಳಗೆ ತುಕ್ಕು ವಾಪಸ್ ಬರುತ್ತದೆ. ವಾರಗಟ್ಟಲೆ ಆ ಟ್ಯಾಂಕಿನ ಮುಚ್ಚಳ ತೆಗೆದರೆ ಹಸಿವಾಗುತ್ತಿತ್ತು.

ಒಂಬತ್ತನೇ ದಿನ ಪಿಸ್ಟನ್ 'ಕಟ್' ಅಂದಿತು. ಚಾಚಾ ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟಿದ್ದರು, ಅಷ್ಟೇ. ಸಿಲಿಂಡರ್ ಬೋರಿಂಗಿಗೆ ಹೋಯಿತು, ಮೈಸೂರಿನಿಂದ ಪಿಸ್ಟನ್ ಬಂತು, ಸೊಲ್ಲಾಪುರದಿಂದ ಸೀಲು, ಬೇರಿಂಗು. ಬಣ್ಣದ ಕಥೆ ಬೇಡ, ಮನೆಯಲ್ಲಿ ಮೂರು ದಿನ ಮಾತು ಬಿಟ್ಟಿದ್ದೆವು. ಕೊನೆಗೆ ಕಪ್ಪೇ ಆಯಿತು. ಸೈಲೆನ್ಸರ್‌ಗಳನ್ನು ಕ್ರೋಮಿಗೆ ಹೈದರಾಬಾದಿಗೆ ಕಳಿಸಿದೆ. ಪಕ್ಕದ ಬೀದರಿನವರು ಹೊಳೆಯುವ ಲೋಹವನ್ನು ಕೋಟೆಯ ಮಣ್ಣಿನಲ್ಲಿ ಅದ್ದಿ ಕಪ್ಪು ಮಾಡಿ, ಅದಕ್ಕೆ ಬಿದರಿ ಕಲೆ ಅಂತ ಹೆಸರು ತಂದುಕೊಂಡರು. ನಾನು ಕಪ್ಪಾದ ಲೋಹವನ್ನು ಹೊಳೆಯಿಸಲು ದುಡ್ಡು ಕೊಟ್ಟೆ. ನನಗೆ ಹೆಸರೇನೂ ಬರಲಿಲ್ಲ.

ಪಾಯಿಂಟ್ ಅಂದರೆ ಪ್ಲಗ್ಗಿನಲ್ಲಿ ಸರಿಯಾದ ಗಳಿಗೆಗೆ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು. ಅದನ್ನು ಹೊಂದಿಸುವುದನ್ನು ಮಾತ್ರ ಕಣ್ತುಂಬ ನೋಡಿದೆ. ಕಾಂಟ್ಯಾಕ್ಟ್ ಪಾಯಿಂಟಿನ ನಡುವೆ ಇರಬೇಕಾದ ಸಂದು 0.4 ಮಿಲಿಮೀಟರ್. ಅದನ್ನು ಅಳೆಯುವ ಗೇಜು ಅಳಿಯನ ಹತ್ತಿರ ಇತ್ತು. ಚಾಚಾ ಅದನ್ನು ಬಳಸಿದರು. ಆದರೆ ಪಾಯಿಂಟ್ ಯಾವ ಗಳಿಗೆಗೆ ಬಾಯಿ ಬಿಡುತ್ತದೆ ಅಂತ ಹಿಡಿಯಲು ಅವರು ಜೇಬಿನಿಂದ ತೆಗೆದದ್ದು ಸಿಗರೇಟು ಪ್ಯಾಕಿನ ತೆಳು ಹಾಳೆ. ಅದನ್ನು ಸಂದಿನಲ್ಲಿ ಸಿಕ್ಕಿಸಿ, ಒಂದು ಕೈಯಲ್ಲಿ ಮೆಲ್ಲಗೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸಿದರು. ಹಾಳೆ ಎಲ್ಲಿ ಸಡಿಲವಾಗಿ ಜಾರಿತೋ ಅಲ್ಲಿ ನಿಲ್ಲಿಸಿದರು. ಸಿಗರೇಟು ಬಿಟ್ಟು ಹನ್ನೆರಡು ವರ್ಷವಾಯಿತಂತೆ. ಹಾಳೆ ಮಾತ್ರ ಇಟ್ಟುಕೊಂಡಿದ್ದಾರೆ.

ಗಾಡಿ ತಯಾರಾದ ದಿನ ಓಣಿಯ ಹುಡುಗರೆಲ್ಲ ಬಂದರು. ಒಬ್ಬ ಸುತ್ತಲೂ ತಿರುಗಿ ನೋಡಿ, "ಅಂಕಲ್, ಕಿಕ್ಕೇ ಹಾಕಿಲ್ಲಲ್ರೀ" ಅಂದ. ನಾನು ಬಹಳ ದಿನದಿಂದ ಕಾಯುತ್ತಿದ್ದ ಪ್ರಶ್ನೆ ಇದು. ಗೇರ್ ಲಿವರನ್ನು ಒಳಕ್ಕೆ ಒತ್ತಿ, ಮೇಲೆತ್ತಿ ಹಿಂದಕ್ಕೆ ತಿರುಗಿಸಿದೆ. ಅದೇ ಕಿಕ್ ಆಯಿತು. ಎರಡಕ್ಕೂ ಒಂದೇ ಲಿವರ್. ಹುಡುಗ ಇನ್ನೊಮ್ಮೆ ಮಾಡಿ ಅಂದ. ನಾಲ್ಕು ಸಲ ಮಾಡಿ ತೋರಿಸಿದೆ.

ಏಳನೇ ಕಿಕ್ಕಿಗೆ ಹತ್ತಿಕೊಂಡಿತು. ಮೊದಲು ಬಿಳಿ ಹೊಗೆ, ಆಮೇಲೆ ಆ ಸದ್ದು. ನನ್ನ ಕಣ್ಣು ತುಂಬಿದ್ದು ಹೊಗೆಗೋ ಏನೋ, ಯಾರೂ ಕೇಳಲಿಲ್ಲ. ಒಳಗಿನಿಂದ ಅವ್ವ ಕಿಟಕಿ ದಡಾರ್ ಅಂತ ಹಾಕಿದ ಸದ್ದು ಕೇಳಿತು. "ಮತ್ತ ಶುರು ಆತು ಇದರ ಕಾಟ."

ಆರ್‌ಸಿ ನವೀಕರಣ ಇನ್ನೂ ಆಗಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಲ್ಲ. ಅದಕ್ಕೇ ಜಗತ್ ಸರ್ಕಲ್ಲಿಗೆ ಹೋಗುವ ಆಸೆ ತಡೆದುಕೊಂಡು ಓಣಿಯೊಳಗೇ ಒಂದು ಸುತ್ತು ಹೊರಟೆ. ಹನುಮಪ್ಪನ ಗುಡಿಯ ತಿರುವಿನ ತನಕ ರಾಜನ ಹಾಗೆ ಹೋದೆ. ಅಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಹತ್ತು ಕಿಕ್ ಹೊಡೆದೆ. ಪ್ಲಗ್ ಬಿಚ್ಚಿದೆ, ಒರೆಸಿದೆ, ಊದಿದೆ. ಮಗನನ್ನು ಕರೆದೆ. ಅವನು ಮೊಬೈಲ್ ಜೇಬಿಗಿಟ್ಟು ದಬ್ಬತೊಡಗಿದ. ನಾನು ಮೇಲೆ ಕೂತು "ಜೋರಾಗಿ ದಬ್ಬೋ" ಅಂದೆ.

ಮನೆಯ ಮುಂದೆ ಬರುವಷ್ಟರಲ್ಲಿ ಅವ್ವ ಕಟ್ಟೆಗೆ ಬಂದು ಕೂತಿದ್ದಳು. ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಪೆಟ್ರೋಲಿನ ನಳ ತೆರದೀ ಏನು? ನಿಮ್ಮಪ್ಪನೂ ಹಿಂಗೇ ಮರೀತಿದ್ರು."

ಬಗ್ಗಿ ನೋಡಿದೆ. ಬಂದ್ ಇತ್ತು.