ಕಳೆದ ಸೀಸನ್ನಿನ ಸ್ಕೀ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಕೆ?

ಪರ: ಬಣ್ಣಕ್ಕೆ ಮುನ್ನೂರು ಡಾಲರ್ ಯಾಕೆ?

ಅಮೆರಿಕದ ಡೆನ್ವರ್, ಸಾಲ್ಟ್ ಲೇಕ್ ಸಿಟಿ ಕಡೆಯ ಅಂಗಡಿಗಳಲ್ಲಿ ಮಾರ್ಚ್ ಬಂತೆಂದರೆ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಹಲಗೆಗಳ ಬೆಲೆ ಇಳಿಯತೊಡಗುತ್ತದೆ. ನವೆಂಬರಿನಲ್ಲಿ 800 ಡಾಲರಿನ ಚೀಟಿ ಅಂಟಿಸಿಕೊಂಡಿದ್ದ ಜೋಡಿ ಏಪ್ರಿಲ್ ಹೊತ್ತಿಗೆ 500ಕ್ಕೆ ಬಂದಿರುತ್ತದೆ, ಕೆಲವೊಮ್ಮೆ ಅದಕ್ಕೂ ಕೆಳಗೆ. ಇದರಲ್ಲಿ ಮೋಸವೇನಿಲ್ಲ. ಮುಂದಿನ ಚಳಿಗಾಲದ ಮಾಲಿಗೆ ಅಂಗಡಿಯವರು ಈ ಚಳಿಗಾಲ ಮುಗಿಯುವ ಮೊದಲೇ ಆರ್ಡರ್ ಕೊಟ್ಟಿರುತ್ತಾರೆ. ಅದು ಬರುವಷ್ಟರಲ್ಲಿ ಗೋಡೆ ಖಾಲಿಯಾಗಬೇಕು, ಕೈಯಲ್ಲಿ ದುಡ್ಡು ಓಡಾಡಬೇಕು. ನಮ್ಮ ಸೀರೆ ಅಂಗಡಿಗಳ ಆಷಾಢದ ಸೇಲ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೆಲೆ ಬೀಳುವುದು ತಿಂಗಳ ದೆಸೆಯಿಂದ, ಸೀರೆಯಲ್ಲಿ ಐಬಿದೆ ಎಂದಲ್ಲ. ಡೆನ್ವರಿನ ಜನರಿಗೂ ಇದು ಹೊಸ ವಿದ್ಯೆಯಲ್ಲ. ಸೆಪ್ಟೆಂಬರಿನ ಲೇಬರ್ ಡೇ ವಾರಾಂತ್ಯಕ್ಕೆ ಹಳೇ ಮಾಲಿನ ಸೇಲಿನ ಮುಂದೆ ಸಾಲು ನಿಲ್ಲುವುದು ಅಲ್ಲಿ ದಶಕಗಳ ರೂಢಿ.

ಹಾಗಾದರೆ ಹೊಸದರಲ್ಲಿ ಹೊಸದೇನಿದೆ? ಬಹುಪಾಲು ವರ್ಷಗಳಲ್ಲಿ, ಮೇಲ್ಪದರದ ಚಿತ್ರ. ಸ್ಕೀ ತಯಾರಿಸುವ ಅಚ್ಚು ದುಬಾರಿ, ಅದೂ ಒಂದೊಂದು ಉದ್ದಕ್ಕೆ ಒಂದೊಂದು ಬೇಕು. ಆದ್ದರಿಂದ ಕಂಪನಿಗಳು ಒಂದು ಮಾದರಿಯನ್ನು ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಓಡಿಸುತ್ತವೆ, ನಡುನಡುವೆ ಬಣ್ಣ ಬಳಿಯುತ್ತವೆ. ಜರ್ಮನಿಯ ಫೋಲ್ಕ್‌ಲ್ ಕಂಪನಿಯ ಮಂತ್ರ ಸ್ಕೀಯನ್ನೇ ತೆಗೆದುಕೊಳ್ಳಿ. ಎಂ5 ಬಂದದ್ದು 2018ರಲ್ಲಿ, ಎಂ6 2021ರಲ್ಲಿ, ಎಂ7 2024ರಲ್ಲಿ. 2022ರ ಚಳಿಗಾಲದಲ್ಲಿ ಯಾರಾದರೂ 'ಹೊಸ' ಎಂ6ಗೆ ಪೂರ್ತಿ ಬೆಲೆ ತೆತ್ತಿದ್ದರೆ, ಪಕ್ಕದಲ್ಲೇ ಅಗ್ಗಕ್ಕಿದ್ದ ಹಿಂದಿನ ವರ್ಷದ ಎಂ6 ಬಿಟ್ಟು ಅವರು ಗಳಿಸಿದ್ದೇನು? ಒಳಗೆ ಅದೇ ಮರ, ಅದೇ ಲೋಹದ ಹಾಳೆ. ಮಂತ್ರದ ಸೊಂಟವಂತೂ, ಅಂದರೆ ನಡುವಿನ ಅಗಲ, ಈ ಮೂರೂ ತಲೆಮಾರಿನಲ್ಲಿ 96 ಮಿಲಿಮೀಟರಿನಿಂದ ಅಲುಗಿಲ್ಲ.

ಗೋದಾಮಿನಲ್ಲಿ ಕೂತು ಕೂತು ಸ್ಕೀ ಹಾಳಾಗದೇ ಎಂದು ಕೇಳುವವರಿದ್ದಾರೆ. ಹಾಳಾಗಲು ಅದರಲ್ಲಿ ಇರುವುದೇನು? ನಡುವೆ ಪಾಪ್ಲರ್, ಬೀಚ್, ಆಶ್ ತರಹದ ಮರದ ಪಟ್ಟಿಗಳು, ಅವುಗಳ ಮೇಲೆ ಕೆಳಗೆ ಫೈಬರ್ ಗ್ಲಾಸ್, ದುಬಾರಿ ಸ್ಕೀಗಳಲ್ಲಿ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ಅಂಚಿಗೆ ಉಕ್ಕು, ತಳಕ್ಕೆ ಪಾಲಿಎಥಿಲೀನ್. ಒಂದು ಬೇಸಿಗೆ ಕಳೆದರೆ ತಳ ಒಣಗಿ ಬೆಳ್ಳಗೆ ಕಾಣಬಹುದು, ಬಿಸಿ ಇಸ್ತ್ರಿಯಲ್ಲಿ ಮೇಣ ಕುಡಿಸಿದರೆ ಮತ್ತೆ ಕಪ್ಪಗಾಗುತ್ತದೆ. ಅಂಚಿನ ತೆಳು ತುಕ್ಕು ಒಂದು ಕಲ್ಲಿನ ಉಜ್ಜಿಗೆ ಹೋಗುತ್ತದೆ. ಬಾಡಿಗೆಗೆ ಓಡಿ ಬಂದ ಡೆಮೊ ಸ್ಕೀಯ ಮಾತು ಬೇರೆ. ಪ್ರತಿ ಸಲ ಸಾಣೆ ಹಿಡಿದಾಗಲೂ ಅಂಚಿನ ಉಕ್ಕು ಸವೆದಿರುತ್ತದೆ, ಅದನ್ನು ಬೆರಳಿಟ್ಟು ನೋಡಿಯೇ ಕೊಳ್ಳಬೇಕು. ನಾನು ಹೇಳುತ್ತಿರುವುದು ಪ್ಲಾಸ್ಟಿಕ್ ಬಿಚ್ಚದೆ ಉಳಿದ ಹೊಸ ಸ್ಕೀ ಬಗ್ಗೆ.

ಇನ್ನು ಉಳಿದ 300 ಡಾಲರಿನ ಕಥೆ. ಅದನ್ನು ಬೂಟಿಗೆ ಹಾಕಿ. ಬೆಟ್ಟದ ಮೇಲೆ ನಿಮ್ಮ ಮಾತನ್ನು ಸ್ಕೀಗೆ ಮುಟ್ಟಿಸುವುದು ಬೂಟು. ಪಾದ ನೋಡಿ, ಒಳಗವಚ ಕಾಯಿಸಿ ಕೂರಿಸಿಕೊಡುವ ಬೂಟ್ ಫಿಟ್ಟರ್ ಹತ್ತಿರ ಕಳೆದ ಒಂದು ಮಧ್ಯಾಹ್ನ ಮಾಡುವಷ್ಟು ಉಪಕಾರವನ್ನು ಯಾವ ಹೊಸ ಮಾದರಿಯೂ ಮಾಡಲಾರದು. ಮುಂದಿನ ಸೀಸನ್ನಿನ ಎಪಿಕ್, ಐಕಾನ್ ಪಾಸುಗಳು, ಅಂದರೆ ಹಲವು ಸ್ಕೀ ಬೆಟ್ಟಗಳಿಗೆ ಒಟ್ಟಿಗೆ ನಡೆಯುವ ಸೀಸನ್ ಟಿಕೆಟ್ಟುಗಳು, ಅತಿ ಅಗ್ಗಕ್ಕೆ ಸಿಗುವುದೂ ಅದೇ ವಸಂತದಲ್ಲಿ.

ದೊಡ್ಡ ಬದಲಾವಣೆ ಆಗಿಯೇ ಇಲ್ಲ ಎನ್ನುತ್ತಿಲ್ಲ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂಬ ಸಣ್ಣ ಸೊಂಟದ, ಅಗಲ ಮೂತಿಯ ಸ್ಕೀ ತಂದು ತಿರುಗುವ ವಿದ್ಯೆಯನ್ನೇ ಸುಲಭ ಮಾಡಿತು. 2002ರ ಸುಮಾರಿಗೆ ಸ್ಕೀ ಪಟು ಶೇನ್ ಮೆಕಾಂಕಿ ರೂಪಿಸಿದ, ವೊಲಾಂಟ್ ಕಂಪನಿಯ ಸ್ಪಾಚುಲಾ ಸ್ಕೀ ಮೂತಿ-ಬಾಲಗಳನ್ನು ಮೇಲಕ್ಕೆ ಬಾಗಿಸಿ ಹಗುರ ಹಿಮದಲ್ಲಿ ತೇಲಿತು. ಆದರೆ ಇಂಥವು ದಶಕಕ್ಕೊಮ್ಮೆ ಬರುತ್ತವೆ, ಪ್ರತಿ ಅಕ್ಟೋಬರಿನಲ್ಲಿ ಅಲ್ಲ. ಶನಿವಾರ ಬೆಳಗ್ಗೆ ಐ-70 ಹೆದ್ದಾರಿಯ ವಾಹನಗಳ ಸಾಲಿನಲ್ಲಿ ತೆವಳಿ ಕೀಸ್ಟೋನ್ ಸ್ಕೀ ಬೆಟ್ಟ ಮುಟ್ಟಿ, ನೀಲಿ ಗುರುತಿನ ನಡುಮಟ್ಟದ ಇಳಿಜಾರುಗಳಲ್ಲಿ ನಾಲ್ಕಾರು ವಾರಾಂತ್ಯ ಜಾರುವ ನಮ್ಮಂಥ ಐಟಿ ಮಂದಿಗೆ ಒಂದು ವರ್ಷದ ಅಂತರ ಕಾಲಿಗೆ ತಿಳಿಯುವುದಿಲ್ಲ. ಕಣ್ಣಿಗೆ ತಿಳಿಯುತ್ತದೆ, ಅಷ್ಟೆ.

ವಿರೋಧ: ಉಳಿದದ್ದು ಯಾರ ಅಳತೆಯದು?

ಎದುರು ಬರಹದವರು ಬೆಲೆಚೀಟಿ ನೋಡಿದರು, ಅದರ ಪಕ್ಕದಲ್ಲಿ ಬರೆದಿರುವ ಉದ್ದ ನೋಡಲಿಲ್ಲ.

ಸಾಧಾರಣ ಎತ್ತರದ ಗಂಡಸರಿಗೆ ಬೇಕಾಗುವುದು 170ರಿಂದ 180 ಸೆಂಟಿಮೀಟರಿನ ಆಸುಪಾಸು, ಹೆಂಗಸರಿಗೆ 155ರಿಂದ 165. ಎಲ್ಲರೂ ಕೇಳುವುದು ಅದನ್ನೇ ಆದ್ದರಿಂದ ಮೊದಲು ಖಾಲಿಯಾಗುವುದೂ ಅದೇ. ಏಪ್ರಿಲಿನ ಗೋಡೆಗೆ ಒರಗಿ ನಿಂತಿರುವುದು 188ರ ಉದ್ದನೆಯವು, ಇಲ್ಲ ತೀರಾ ಗಿಡ್ಡನೆಯವು. ಐದಡಿ ಆರಂಗುಲದ ನಮ್ಮವರೊಬ್ಬರು ಅರ್ಧ ಬೆಲೆಯ 186ರ ಮುಂದೆ ನಿಂತು "ಅಭ್ಯಾಸ ಆಗುತ್ತೆ ಬಿಡಿ" ಎಂದುಕೊಳ್ಳುವ ಗಳಿಗೆ ಇದೆಯಲ್ಲ, ಸೇಲ್ ನಡೆಯುವುದೇ ಆ ಗಳಿಗೆಯ ಮೇಲೆ. ಲೋಹದ ಹಾಳೆಯಿರುವ ಉದ್ದನೆಯ ಸ್ಕೀ ವೇಗ ಬೇಡುತ್ತದೆ. ಕಲಿಯುವವರು ಮೆಲ್ಲಗೆ ಹೋಗುತ್ತಾರೆ. ಮೆಲ್ಲಗೆ ಹೋಗುವವರ ಕಾಲಲ್ಲಿ ಅದು ಬಾಗುವುದೇ ಇಲ್ಲ, ಮೊಣಕಾಲು ತಿರುಚಿ ಎಳೆದಾಡಬೇಕು. ಸೊಂಟದ ಅಗಲದ ಕಥೆಯೂ ಇದೇ. ಮಂಡಿಯುದ್ದ ಹಿಮದ ಕನಸಿಗೆಂದು ತಯಾರಾದ 112 ಮಿಲಿಮೀಟರಿನ ಸ್ಕೀ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದರೆ, ಯಂತ್ರ ಒತ್ತಿ ಗಟ್ಟಿ ಮಾಡಿದ ಇಳಿಜಾರಿನಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವುದರಲ್ಲೇ ದಿನ ಮುಗಿಯುತ್ತದೆ.

ಬಣ್ಣ ಮಾತ್ರ ಬದಲಾಗುತ್ತದೆ ಎಂಬ ವಾದಕ್ಕೆ ಬರೋಣ. ಮೂರು ವರ್ಷದಲ್ಲಿ ಎರಡು ವರ್ಷ ಅದು ನಿಜ. ಆದರೆ ಬೆಲೆ ಪಾತಾಳಕ್ಕೆ ಇಳಿಯುವುದು ಸಾಮಾನ್ಯವಾಗಿ ಆ ಮೂರನೆಯ ವರ್ಷದಲ್ಲಿ, ಮಾದರಿಗೇ ನಿವೃತ್ತಿ ಆಗುವಾಗ. 2024ರಲ್ಲಿ ಬ್ಲಿಝಾರ್ಡ್ ಕಂಪನಿ ತನ್ನ ಸ್ಕೀ ಮಾದರಿಗಳಾದ ಬ್ರಹ್ಮ, ಬೊನಾಫೈಡ್‌ಗಳನ್ನು ಕೈಬಿಟ್ಟು ಅವುಗಳ ಜಾಗಕ್ಕೆ ಅನಾಮಲಿ ಎಂಬ ಹೊಸ ಸಾಲನ್ನೇ ತಂದಿತು. ಅದೇ ಚಳಿಗಾಲಕ್ಕೆ ನಾರ್ಡಿಕಾದ ಎನ್‌ಫೋರ್ಸರ್ 100 ಹೋಗಿ 99 ಬಂತು. ಇವು ಹೊಸ ವಿನ್ಯಾಸಗಳು, ಬಣ್ಣ ಬದಲಿಸಿದ ಹಳೆಯವಲ್ಲ. ಹಳೇ ಬೊನಾಫೈಡ್‌ನ ಬಿಗಿಯನ್ನೇ ಮೆಚ್ಚುವ ನುರಿತವರು ಆ ವಸಂತದಲ್ಲಿ ಇನ್ನೊಂದು ಜೋಡಿ ಎತ್ತಿಟ್ಟಿದ್ದರೆ ಅದು ಜಾಣತನವೇ. ಇತ್ತೀಚಿನ ಬದಲಾವಣೆಗಳು ಹೆಚ್ಚಾಗಿ ಸಾಗಿರುವುದು ತಪ್ಪು ಮಾಡಿದವರನ್ನು ಕ್ಷಮಿಸುವ ಕಡೆಗೆ, ಬಾಲ ಸುಲಭವಾಗಿ ಬಿಡಿಸಿಕೊಳ್ಳುವ ಕಡೆಗೆ. ಅದರ ಲಾಭ ಹೆಚ್ಚು ಸಿಗುವುದು ನಡುಮಟ್ಟದವರಿಗೆ. ಅಂದರೆ, ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲವೆಂದು ಎದುರಿನವರು ಯಾರನ್ನು ಅಗ್ಗದ ಗೋಡೆಗೆ ಕಳಿಸಿದರೋ ಅವರಿಗೇ.

1993ರ ಉದಾಹರಣೆ ಅವರೇ ಕೊಟ್ಟರು. ಆಮೇಲಿನ ಎರಡು ಮೂರು ವರ್ಷ ನೇರ ಸ್ಕೀಗಳನ್ನು, 200 ಸೆಂಟಿಮೀಟರಿನವನ್ನು, ಕಡಿಮೆ ಬೆಲೆಗೆ ಕೊಂಡವರ ಗತಿ ಏನಾಯಿತು? ಕೊಲರಾಡೊದ ಬೆಟ್ಟದೂರುಗಳಲ್ಲಿ ಸುತ್ತಾಡಿದರೆ ಅಂಥವು ಬೇಲಿಯಾಗಿ, ಅಂಗಳದ ಕುರ್ಚಿಯಾಗಿ ಕಾಣಸಿಗುತ್ತವೆ. ತಿರುವು ಬಂದಿದೆ ಎಂದು ತಿರುವಿನೊಳಗೆ ಇರುವವರಿಗೆ ಗೊತ್ತಾಗುವುದಿಲ್ಲ.

ಬೈಂಡಿಂಗಿನ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಡುವ ಕೊಂಡಿಯ ವಿಷಯದಲ್ಲಿ ನಾನು ಇನ್ನೂ ಹಟಮಾರಿ. ಮರ, ಲೋಹ ಕೆಡುವುದಿಲ್ಲ, ಒಪ್ಪಿದೆ. ಸುತ್ತಲಿನ ಮಾನದಂಡ ಕದಲುತ್ತದೆ. ಈಗಿನ ಬೂಟುಗಳಲ್ಲಿ ಬಹಳಷ್ಟು ಗ್ರಿಪ್‌ವಾಕ್ ತಳದವು, ನಡೆಯಲು ಅನುಕೂಲವಾಗಲೆಂದು ತುಸು ಬಾಗಿದ ರಬ್ಬರ್ ತಳ. ಹಳೇ ಚಪ್ಪಟೆ ತಳಕ್ಕೆಂದೇ ತಯಾರಾದ ಬೈಂಡಿಂಗಿನಲ್ಲಿ ಅದನ್ನು ಸಿಕ್ಕಿಸಿದರೆ ಬಿದ್ದಾಗ ಬಿಡಬೇಕಾದ ರೀತಿಯಲ್ಲಿ ಬಿಡದೆ ಇರಬಹುದು. ಇದಲ್ಲದೆ ಬೈಂಡಿಂಗ್ ಕಂಪನಿಗಳು ತಾವು ಇನ್ನೂ ಹೊಣೆ ಹೊರುವ ಮಾದರಿಗಳ ಪಟ್ಟಿಯನ್ನು ವರ್ಷವರ್ಷ ಅಂಗಡಿಗಳಿಗೆ ಕೊಡುತ್ತವೆ. ಪಟ್ಟಿಯಿಂದ ಜಾರಿದ್ದನ್ನು ಅಮೆರಿಕದ ಅಂಗಡಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಂದೇ ವರ್ಷ ಹಿಂದಿನದಾದರೆ ಈ ತಾಪತ್ರಯ ಕಡಿಮೆ, ನಿಜ. ಆದರೆ 'ಕಳೆದ ಸೀಸನ್' ಎಂಬ ಚೀಟಿಯ ಹಿಂದೆ ಎಷ್ಟು ಸೀಸನ್ ಅಡಗಿವೆ ಎಂದು ಕೇಳಿ ನೋಡಿ, ಅದರಲ್ಲೂ ಬೈಂಡಿಂಗ್ ಸಮೇತ ಮಾರುವ ಜೋಡಿಗಳಲ್ಲಿ.

ಇನ್ನೊಂದು ಅನುಕೂಲವನ್ನು ಅವರು ಪ್ರಸ್ತಾಪಿಸಲೇ ಇಲ್ಲ: ಈ ವರ್ಷದ ಮಾದರಿಯನ್ನು ಹಿಮದ ಮೇಲೆ ಓಡಿಸಿ ನೋಡಬಹುದು. ಬೆಟ್ಟದ ಬುಡದ ಅಂಗಡಿಗಳಲ್ಲಿ ಡೆಮೊಗೆ ಇಡುವುದು ಹೆಚ್ಚಾಗಿ ಹೊಸದನ್ನೇ, ಆಮೇಲೆ ಅದನ್ನೇ ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ಮುರಿದುಕೊಳ್ಳುವ ಅಂಗಡಿಗಳೂ ಬೇಕಾದಷ್ಟಿವೆ. ಸೇಲಿನ ಸ್ಕೀಯನ್ನು ಕಾರ್ಪೆಟ್ ಮೇಲೆ ನಿಂತು, ಬಗ್ಗಿಸಿ ನೋಡಿ ಕೊಳ್ಳಬೇಕು. ಬೈಂಡಿಂಗಿಗೆ ತೂತು ಕೊರೆಸಿದ ಮೇಲೆ ವಾಪಸ್ ತೆಗೆದುಕೊಳ್ಳುವವರೂ ಇಲ್ಲ.

ಮಕ್ಕಳ ಮಟ್ಟಿಗೆ ನಮ್ಮಿಬ್ಬರ ನಡುವೆ ಜಗಳ ಇರಲಿಕ್ಕಿಲ್ಲ. ಅವರ ಕಾಲು ಡಿಸೆಂಬರಿಗೂ ಮುಂದಿನ ಡಿಸೆಂಬರಿಗೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಡೆನ್ವರಿನ ಎಷ್ಟೋ ಅಂಗಡಿಗಳು ಶರತ್ಕಾಲದಲ್ಲಿ ಸ್ಕೀ, ಬೂಟು, ಕೋಲು ಎಲ್ಲ ಸೇರಿಸಿ ಇಡೀ ಸೀಸನ್ನಿಗೆ ಬಾಡಿಗೆಗೆ ಕೊಡುತ್ತವೆ. ಅಲ್ಲಿಯೂ ತಡಮಾಡಿ ಹೋದರೆ ಸಣ್ಣ ಅಳತೆಗಳು ಖಾಲಿಯಾಗಿರುತ್ತವೆ.