ಮುಟ್ಟಿದರೆ ಸರಿಹೋಗುವ ಕನೆಕ್ಟರ್

“ಸರಿ ಇದೆಯಲ್ಲ ಸಾರ್!”

ಮೈ ಉರಿಯುವುದಕ್ಕೆ ಇಷ್ಟು ಸಾಕು. ನಡುಮಧ್ಯಾಹ್ನದ ಬಿಸಿಲಲ್ಲಿ ಆಂಟೆನಾ ಸಾಲಿನ ತುದಿಯವರೆಗೆ ನಡೆದು, ಕೇಬಲ್ ಜೋಡಿಸುವ ಕನೆಕ್ಟರುಗಳಲ್ಲಿ ಕೆಟ್ಟಿರುವುದು ಇದೇ ಎಂದು ತೋರಿಸುವಷ್ಟರಲ್ಲಿ ಜೊತೆಗೆ ಬಂದ ಹುಡುಗ ಅದನ್ನು ಹಿಡಿದು ಒಮ್ಮೆ ಅಲ್ಲಾಡಿಸಿರುತ್ತಾನೆ. ಸಿಗ್ನಲ್ ಬಂತು. ಸಾಕ್ಷಿ ನಾಶವಾಯಿತು.

ರೇಡಿಯೋ ಅಲೆಯಲ್ಲಿ ಸೂರ್ಯನ ಚಿತ್ರ ತೆಗೆಯುವ ಆಂಟೆನಾ ಸಾಲುಗಳ ಪಾಡೇ ಇದು. ಗೌರಿಬಿದನೂರಿನ ರೇಡಿಯೋಹೀಲಿಯೋಗ್ರಾಫ್ 1997ರಲ್ಲಿ ಶುರುವಾದಾಗಿನ ಲೆಕ್ಕವನ್ನೇ ಹಿಡಿಯಿರಿ. ಪೂರ್ವ-ಪಶ್ಚಿಮಕ್ಕೆ 10 ಮೀಟರಿಗೊಂದರಂತೆ 128, ದಕ್ಷಿಣಕ್ಕೆ 7 ಮೀಟರಿಗೊಂದರಂತೆ 64, ಒಟ್ಟು 192 ಆಂಟೆನಾ. ಒಂದೊಂದೂ ನೋಡಲು ನೆಟ್ಟಗೆ ನಿಲ್ಲಿಸಿದ ಮೀನಿನ ಮುಳ್ಳು. ಒಂದೊಂದಕ್ಕೆ ಒಂದೇ ಕೇಬಲ್, ಎರಡು ತುದಿಗೆ ಎರಡು ಕನೆಕ್ಟರ್ ಎಂದುಕೊಂಡರೂ ಕೆಡುವುದಕ್ಕೆ 384 ಜಾಗ.

ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಆರುತ್ತದೆ, ಕೆಟ್ಟಿದೆ ಅಂತಾದರೂ ಗೊತ್ತಾಗುತ್ತದೆ. ಇಲ್ಲಿ ಎಂಟು ಆಂಟೆನಾ ಸೇರಿಸಿ ಒಂದು ಗುಂಪು ಮಾಡಿದ್ದರೆ, ಒಂದು ಸತ್ತರೂ ಉಳಿದ ಏಳು ಹೊತ್ತುಕೊಂಡು ಹೋಗುತ್ತವೆ. ಪಲ್ಲಕ್ಕಿಗೆ ಹೆಗಲು ಕೊಟ್ಟವನಂತೆ ಮುಖ ಮಾಡಿಕೊಂಡು ಬರೀ ಕೈ ತಾಗಿಸಿ ನಡೆಯುವವನು ಇರುತ್ತಾನಲ್ಲ, ಅವನ ಜಾತಿ ಇದು. ಸಿಗ್ನಲ್ ಶೇ. 12.5 ಇಳಿದಿರುತ್ತದೆ. ‘ಆಂಪ್ಲಿಫೈಯರ್ ಬಿಸಿಯಾಗಿರಬೇಕು’ ಎನ್ನುತ್ತಲೇ ವಾರ ಕಳೆಯುತ್ತದೆ.

ಇದರಲ್ಲಿ ಸಾಕ್ಷಾತ್ ಸೂರ್ಯನ ಕೈವಾಡವೂ ಉಂಟು. ಬೆಳಗ್ಗೆ ಆರಕ್ಕೆ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಅವನು ನೆತ್ತಿಗೆ ಬಂದು ನಮಗೆ ಬೇಕಾದ ಹೊತ್ತಾಗುವಾಗ ಕೇಬಲ್ ಕಾದಿರುತ್ತದೆ. ಒಳಗಿನ ಪ್ಲಾಸ್ಟಿಕ್ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ದಿನಾ ಹೀಗೆ ಜಗ್ಗಾಡಿ ನಡುವಿನ ಪಿನ್ನು ಕೂದಲೆಳೆಯಷ್ಟು ಹಿಂದೆ ಸರಿದರೆ ಮುಗಿಯಿತು. ಫೋಟೋಕ್ಕೆ ಕೂತವನೇ ಕ್ಯಾಮೆರಾದ ಸ್ಕ್ರೂ ಸಡಿಲಿಸಿದ ಹಾಗೆ.

ಮಲ್ಟಿಮೀಟರ್ ಇಡಬೇಕಾದರೆ ಕನೆಕ್ಟರ್ ಬಿಚ್ಚಬೇಕು, ಬಿಚ್ಚಿ ಹಾಕಿದರೆ ಅದು ತಾನಾಗೇ ಸರಿಹೋಗುತ್ತದೆ. ಡಾಕ್ಟರ ಮುಂದೆ ಕೂತಕೂಡಲೇ ಜ್ವರ ಬಿಡುವ ಮಗು! ಅದಕ್ಕೇ ಒಬ್ಬರು ಒಳಗೆ ಸಿಗ್ನಲ್ಲಿನ ಬಲವನ್ನು ಗೆರೆಯಾಗಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ನೋಡುತ್ತಾ ಕೂತು, ಇನ್ನೊಬ್ಬರು ಮರದ ಕಡ್ಡಿಯಲ್ಲಿ (ದಯವಿಟ್ಟು ಕೈಯಲ್ಲಲ್ಲ) ಒಂದೊಂದೇ ಕನೆಕ್ಟರ್ ತಟ್ಟುತ್ತಾ ಹೋಗಬೇಕು. ಗೆರೆ ಹಾರಿದ ಕಡೆ ಕೆಂಪು ದಾರ ಕಟ್ಟಿ, ಆಮೇಲೆ ಹಳೆಯದನ್ನು ಕತ್ತರಿಸಿ ಹೊಸದು ಹಾಕಬೇಕು.

ಕತ್ತರಿಸುವುದಕ್ಕೂ ಲೆಕ್ಕವಿದೆ. 80 ಮೆಗಾಹರ್ಟ್ಸ್‌ನ ಅಲೆ ಗಾಳಿಯಲ್ಲಿ 3.75 ಮೀಟರ್ ಉದ್ದ, ಸಾಮಾನ್ಯ ಪಾಲಿಥೀನ್ ಕೇಬಲ್ಲಿನೊಳಗೆ ಸುಮಾರು ಎರಡೂವರೆ. ಐದು ಸೆಂಟಿಮೀಟರ್ ಗಿಡ್ಡವಾದರೆ ಫೇಸ್, ಅಂದರೆ ಅಲೆಯ ಏರಿಳಿತದ ಹೆಜ್ಜೆ, 7 ಡಿಗ್ರಿ ಆಚೀಚೆ. ಮೂರು ಸಲ ಕತ್ತರಿಸಿದ ಕೇಬಲ್ ಗುಂಪಿನ ತಾಳ ಬಿಟ್ಟು ತನ್ನದೇ ಹೆಜ್ಜೆ ಹಾಕುತ್ತದೆ. ಆಮೇಲೆ ಸಿಗ್ನಸ್-ಎ ಎಂಬ ದೂರದ ರೇಡಿಯೋ ಗ್ಯಾಲಕ್ಸಿಯ ಕಡೆ ನೋಡಿ ಎಲ್ಲವನ್ನೂ ಮತ್ತೆ ಸರಿದೂಗಿಸಬೇಕು. ಇನ್ನು ಟೇಪು: ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಹೆಂಚು ಹೊದಿಸಿದಂತೆ ನೀರು ಜಾರುತ್ತದೆ. ಮೇಲಿನಿಂದ ಸುತ್ತಿದವರು ಮಳೆಗೆ ಬಾಗಿಲು ತೆರೆದಿಟ್ಟಂತೆ.

ಒಮ್ಮೊಮ್ಮೆ ಪಾಪ ಅನಿಸುತ್ತದೆ, ಆ ಅಲೆಯ ಬಗ್ಗೆ. ಸೂರ್ಯನ ಹೊರ ವಾತಾವರಣವಾದ ಹತ್ತು ಲಕ್ಷ ಡಿಗ್ರಿ ಕಾವಿನ ಕರೋನಾದಲ್ಲಿ ಹುಟ್ಟಿ, ಎಂಟು ನಿಮಿಷದಲ್ಲಿ 15 ಕೋಟಿ ಕಿಲೋಮೀಟರ್ ದಾಟಿ ಬಂದು, ನಮ್ಮ ಕೂದಲೆಳೆ ಸಂದಿಯಲ್ಲಿ ಎಡವುತ್ತದೆ.

ಟೈಪ್-3 ಎಂಬ ಸೌರ ರೇಡಿಯೋ ಸ್ಫೋಟ ಕೆಲವೇ ಸೆಕೆಂಡುಗಳದ್ದು. ಕೇಬಲ್ ಬಿಚ್ಚಿಟ್ಟು ಊಟಕ್ಕೆ ಕೂತಾಗಲೇ ಬರುತ್ತದೆ, ಬೇಕಿದ್ದರೆ ಬಾಜಿ ಕಟ್ಟಿ. ಊಟ ಮುಗಿಸಿ ಹೊಸ ಕನೆಕ್ಟರ್ ಹಿಡಿದು ಹೋದರೆ ಕೆಂಪು ದಾರ ಎಲ್ಲೂ ಕಾಣುವುದಿಲ್ಲ. ಅದು ಹುಡುಗನ ಜೇಬಿನಲ್ಲಿ ಭದ್ರವಾಗಿರುತ್ತದೆ.

“ಸಿಗ್ನಲ್ ಬಂತಲ್ಲ ಸಾರ್, ಅದಕ್ಕೇ ಬಿಚ್ಚಿದೆ.”