ಅಜ್ಜಿಯ ಕ್ಯಾಲೆಂಡರಿಗೆ ಆಕರಪಟ್ಟಿಯಲ್ಲಿ ಜಾಗ ಇದೆಯೇ?

ಮಂಗಳೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಬಂದ ಸಾರಾಂಶಗಳನ್ನು ಸೋಸುವ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿತ್ತು. ಆನರ್ಸ್ ವಿದ್ಯಾರ್ಥಿಗಳಿಗೆಂದೇ ಒಂದು ಗೋಷ್ಠಿ ಇಟ್ಟಿದ್ದರು. ಬಂದದ್ದು 41. ಭಾನುವಾರ ಬೆಳಗ್ಗೆ ಅವಲಕ್ಕಿ ತಿಂದು ಓದಲು ಕುಳಿತವನಿಗೆ ಹತ್ತನೆಯದು ಮುಗಿಯುವಷ್ಟರಲ್ಲಿ, ಇದನ್ನು ಆಗಲೇ ಓದಿದೆನಲ್ಲ ಎಂಬ ಅನುಮಾನ. ಓದಿರಲಿಲ್ಲ. ಎಲ್ಲಿಂದ ಹೊರಟರೂ ಸ್ಟೇಟ್‌ಬ್ಯಾಂಕಿಗೇ ಬಂದು ನಿಲ್ಲುವ ಸಿಟಿ ಬಸ್ಸುಗಳ ಹಾಗೆ, ಎಲ್ಲವೂ ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬಲ್ಲಿಗೆ ಬಂದು ನಿಂತಿದ್ದವು. ಅಧ್ಯಯನ ಇನ್ನೂ ಶುರುವಾಗಿಲ್ಲ, ಪರಿಹಾರ ಮಾತ್ರ ತಯಾರು.

29ನೆಯದರ ಶೀರ್ಷಿಕೆ ‘ಕರಾವಳಿಯ ಪುಷ್ಪ ಮಾರುಕಟ್ಟೆಯ ಮೇಲೆ ಜಾಗತೀಕರಣದ ಪ್ರಭಾವ: ಒಂದು ಅಧ್ಯಯನ’. ಬದಿಗಿಡುವವನಿದ್ದೆ. ಕೊನೆಯ ಸಾಲಿಗಿಂತ ಒಂದು ಸಾಲು ಮೇಲೆ, ಯಾರಿಗೂ ಕಾಣಬಾರದು ಎಂಬಂತೆ, ‘ಮನೆಯಲ್ಲಿ 11 ವರ್ಷಗಳ ಮಲ್ಲಿಗೆ ದರದ ದಾಖಲೆ ಇದೆ’ ಎಂದಿತ್ತು. ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ‘ಅದು ಅಜ್ಜಿ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು ಸರ್’ ಎಂದಳು ಹುಡುಗಿ, ಏನೋ ತಪ್ಪು ಸಿಕ್ಕಿಬಿದ್ದ ದನಿಯಲ್ಲಿ.

ಶಿರ್ವದ ಕಡೆಯ ಮನೆ. ಮುಂದಿನ ಶನಿವಾರ ಉಡುಪಿಗೆ ಬಂದಾಗ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ತಂದಿದ್ದಳು. ಕಟ್ಟಿದ್ದು ಬಾಳೆನಾರಿನಲ್ಲಿ, ಹೂ ಕಟ್ಟುವ ಅದೇ ನಾರು. ಬಿಡಿಸಿದರೆ ಒಂದೊಂದು ತಾರೀಕಿನ ಮನೆಯಲ್ಲೂ ನೀಲಿ ಪೆನ್ನಿನ ಅಂಕಿ: ಅಂದಿನ ಅಟ್ಟೆಯ ದರ. ಗೊತ್ತಿಲ್ಲದವರಿಗೆ ಹೇಳುವುದಾದರೆ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದ ಹೂವಿನ ಕಟ್ಟೆಯಲ್ಲಿ ದಿನಾ ದರ ನಿಗದಿಯಾಗುತ್ತದೆ, ಮದುವೆ, ನೇಮ, ಹಬ್ಬ ಬಂದರೆ ಏರುತ್ತದೆ. ಕೆಲವು ತಾರೀಕಿನ ಮನೆಗಳಲ್ಲಿ ದರದ ಬದಲು ಬರೀ ಸೊನ್ನೆ. ಅಂದು ಅಜ್ಜಿ ಹೂ ಕೊಡಲಿಲ್ಲ ಎಂದು ಅರ್ಥವಂತೆ.

‘ನಿನಗೆ ಇದರಲ್ಲಿ ತಿಳಿಯಬೇಕಾದದ್ದು ಏನು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಆಟಿ ತಿಂಗಳಲ್ಲಿ ಮಳೆಗೆ ಹೂವೂ ಕಡಿಮೆ ಸರ್, ಶುಭಕಾರ್ಯ ಇಲ್ಲದ್ದರಿಂದ ಕೊಳ್ಳುವವರೂ ಕಡಿಮೆ. ಹಾಗಿದ್ದರೆ ದರ ಯಾವ ಕಡೆ ಜಾರಬೇಕು?’

ಬೇಡಿಕೆ ಮತ್ತು ಪೂರೈಕೆಯ ಗೆರೆಗಳನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೋರ್ಡಿನ ಮೇಲೆ ಎಳೆದವನು ನಾನು. ಎರಡೂ ಒಟ್ಟಿಗೆ ಎಡಕ್ಕೆ ಸರಿದರೆ, ಅಂದರೆ ಎರಡೂ ಕುಗ್ಗಿದರೆ, ಬೆಲೆಯನ್ನು ಮೊದಲೇ ಹೇಳಲು ಬರುವುದಿಲ್ಲ, ಯಾವುದು ಹೆಚ್ಚು ಸರಿಯಿತು ಎಂದು ಅಳೆದೇ ನೋಡಬೇಕು ಎಂದು ಪಾಠವನ್ನೂ ಮಾಡಿದ್ದೇನೆ. ಅಳೆಯುವ ಕೋಲು ಇವಳ ಮನೆಯ ಗೋಡೆಯ ಮೇಲೆ ನೇತಾಡುತ್ತಿದೆ!

‘ಇದನ್ನೇ ಯಾಕೆ ಬರೆಯಲಿಲ್ಲ?’

‘ಮೊದಲು ಬರೆದಿದ್ದೆ ಸರ್. ಇದು ಅಂತಾರಾಷ್ಟ್ರೀಯ ಮಟ್ಟಕ್ಕೆ ಆಗುವುದಿಲ್ಲ ಎಂದು ನಮ್ಮ ಮೇಡಂ ಹೇಳಿದರು.’

ಆ ಮೇಡಂ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೊದಲ ಪ್ರಬಂಧ ನೆನಪಾಯಿತು. ಅಮ್ಮ ಬೀಡಿ ಕಟ್ಟುತ್ತಿದ್ದ ಚಾವಡಿಯಲ್ಲೇ ಕುಳಿತು ‘ಉದಾರೀಕರಣ ಮತ್ತು ಭಾರತೀಯ ಮಹಿಳೆ’ ಎಂದು ಹನ್ನೆರಡು ಪುಟ ಬರೆದಿದ್ದೆ. ಅದರಲ್ಲಿ ಬೀಡಿ ಎಂಬ ಪದ ಒಮ್ಮೆಯೂ ಬರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯನ್ನೇ ನಾವು ಮಕ್ಕಳಿಗೆ ದಾಟಿಸುತ್ತಾ ಬಂದಿದ್ದೇವೆ.

ಆನರ್ಸ್ ಎಂಬ ಹೆಸರಿಗೇನೂ ಕೊರತೆಯಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ (ಎನ್‌ಇಪಿ) ನಾಲ್ಕು ವರ್ಷದ ಆನರ್ಸ್ ಪದವಿ ತಂದ ರಾಜ್ಯ ನಮ್ಮದು. 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು, ಮೊದಲೇ ಸೇರಿದವರಿಗೆ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಪಡೆದವರು ಸಂಶೋಧನೆಯೊಂದಿಗೆ ಆನರ್ಸ್ ಮಾಡಬಹುದು, ಅದರಲ್ಲಿ ಸಂಶೋಧನಾ ಪ್ರಬಂಧಕ್ಕೇ 12 ಕ್ರೆಡಿಟ್ ಎನ್ನುತ್ತದೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟು. ಸಂಶೋಧನಾ ವಿಧಾನದ ಪತ್ರಿಕೆಯನ್ನೂ ಕಲಿಸುತ್ತೇವೆ. ಮಾದರಿ ಆಯ್ಕೆಯ ವಿಧಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ನಿನಗೆ ಏನು ಗೊತ್ತಿಲ್ಲ, ಯಾವುದನ್ನು ತಿಳಿಯಬೇಕು ಎಂದು ಕೂರಿಸಿಕೊಂಡು ಕೇಳುವುದಿಲ್ಲ. ಸಾರಾಂಶಕ್ಕೆ ಅದೊಂದು ಸಾಕು: ಪ್ರಶ್ನೆ ಏನು, ಯಾವ ಆಧಾರದಿಂದ ಉತ್ತರ ಹುಡುಕುತ್ತೀ, ಈವರೆಗೆ ಏನು ಕಂಡಿತು. ಉಳಿದ ಪದಗಳನ್ನು ಉಪ್ಪಿನಕಾಯಿಯಂತೆ ಬದಿಗಿಟ್ಟರಾಯಿತು.

(ಮಾರ್ಗದರ್ಶಕರೇ ಮೊದಲ ಲೇಖಕರಾಗುವ ಚಾಳಿಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. 41ರಲ್ಲಿ ಎಷ್ಟು ಎಂದು ಎಣಿಸಿಟ್ಟುಕೊಂಡಿದ್ದೇನೆ.)

ಆಯ್ಕೆ ಸಮಿತಿಯಲ್ಲಿ ನಿರೀಕ್ಷಿಸಿದ ಮಾತೇ ಬಂತು. ಕ್ಯಾಲೆಂಡರನ್ನು ಆಕರವೆಂದು ಹೇಗೆ ಒಪ್ಪುವುದು? ಒಬ್ಬ ಅಜ್ಜಿಯ ಲೆಕ್ಕದಿಂದ ಏನು ಸಾಧಿಸಿದಂತಾಯಿತು? ಎರಡನೆಯದು ನ್ಯಾಯವಾದ ಪ್ರಶ್ನೆ, ಅದನ್ನು ಅವಳಿಗೇ ಕೇಳೋಣ ಎಂದೆ. ಮೊದಲನೆಯದಕ್ಕೆ ಮಾತ್ರ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಹೊರಬಂದ ತುಳು ನಿಘಂಟನ್ನು ನೆನಪಿಸಿದೆ. ಅದರ ಆರು ಸಂಪುಟಗಳಿಗೆ ಬೇಕಾದ ಪದಗಳು ಜನರ ಬಾಯಿಂದಲೂ ಬಂದವು, ಬರೀ ಗ್ರಂಥಾಲಯದ ಕಪಾಟಿನಿಂದಲ್ಲ. ಯಾರೂ ಎದುರಾಡಲಿಲ್ಲ. ಪೂರ್ತಿ ಒಪ್ಪಲೂ ಇಲ್ಲ. ವೇದಿಕೆಯ ಮಂಡನೆ ಬೇಡ, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಬರೆದು ಪೋಸ್ಟರ್ ಇಡಲಿ ಎಂದಾಯಿತು. ಪೋಸ್ಟರ್ ಎಂದರೆ ನಮ್ಮಲ್ಲಿ ಸಮಾಧಾನದ ಬಹುಮಾನ. ಅಮೆರಿಕದಲ್ಲಿ 1987ರಿಂದ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ ರಾಷ್ಟ್ರೀಯ ಸಮ್ಮೇಳನ ನಡೆಯುತ್ತಿದೆ. ಅಲ್ಲಿ ಪೋಸ್ಟರಿನ ಎದುರು ನಿಂತು ಬಂದವರಿಗೆಲ್ಲ ವಿವರಿಸುವುದೂ ಮಂಡನೆಯೇ.

ಅವಳ ಪೋಸ್ಟರಿಗೆ ಸಿಕ್ಕಿದ್ದು ಊಟದ ಹಾಲಿಗೆ ಹೋಗುವ ಓಣಿ. ಶೀರ್ಷಿಕೆ ಬದಲಾಗಿತ್ತು: ‘ಆಟಿಯಲ್ಲಿ ಮಲ್ಲಿಗೆಯ ದರ’. ಜನ ಕೈ ತೊಳೆದು ಬರುವಾಗ ನಿಲ್ಲತೊಡಗಿದರು. ನಿವೃತ್ತ ಪ್ರಾಧ್ಯಾಪಕರೊಬ್ಬರು ಕನ್ನಡಕ ಏರಿಸಿ ಕೇಳಿದರು, ‘ಇದು ಕಟ್ಟೆಯಲ್ಲಿ ಹೇಳಿದ ದರವೋ, ಅಜ್ಜಿಯ ಕೈಗೆ ಬಂದ ದರವೋ?’ ಇಡೀ ದಿನದಲ್ಲಿ ನಾನು ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ. ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ‘ಒಂದು ನಿಮಿಷ ಸರ್’ ಎಂದವಳೇ ಅಲ್ಲೇ ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿ ತುಳುವಿನಲ್ಲಿ ಕೇಳಿದಳು. ಓಣಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಅಜ್ಜಿ ಹೇಳಿದ್ದು ಇಷ್ಟು: ಬರೆದದ್ದು ಕಟ್ಟೆಯ ದರ. ಕೈಗೆ ಬಂದದ್ದನ್ನು ಬರೆದಿಟ್ಟರೆ ಮನೆಯವರೆಲ್ಲ ಓದುವುದಿಲ್ಲವೇ?